ಮುಳ್ಳಿಲ್ಲದ ಗಡಿಯಾರ

ಹೆಂಡತಿ ಬದುಕಿದ್ದಾಗ ಅವಳ ಡಯಾಲಿಸಿಸ್‌ಗೆಂದು ರಾಮನಗರಕ್ಕೆ ಹೋಗುತ್ತಿದ್ದೆವು. ಒಮ್ಮೆ ಪಕ್ಕದ ಮಂಚದಲ್ಲಿ ನಮ್ಮ ಚನ್ನಪಟ್ಟಣದ ಗೊಂಬೆ ಕೆಲಸದ ಸಾಹೇಬರಿದ್ದರು. ಕಿಡ್ನಿ ಕೆಟ್ಟು ರಕ್ತದಲ್ಲಿ ಸೇರಿದ ವಿಷ ಮಿದುಳಿಗೂ ತಟ್ಟಿದೆಯೇ ಎಂದು ತಿಳಿಯಲು ಡಾಕ್ಟರಮ್ಮ ಅವರಿಗೆ ಗಡಿಯಾರದ ಚಿತ್ರ ಬರೆಯಲು ಹೇಳಿದರು. ತಪ್ಪಿದರೆ ಅವತ್ತೇ ಡಯಾಲಿಸಿಸ್. ಸಾಹೇಬರಿಗೆ ಸೂಜಿಯೆಂದರೆ ಜೀವಭಯ.

ಅವರು ದುಂಡನೆಯ ವೃತ್ತ ಬರೆದು ಪೆನ್ನು ಕೆಳಗಿಟ್ಟರು.

“ಅಂಕಿ, ಮುಳ್ಳು?”

“ಮರಾನ ದುಂಡಗೆ ಕಡೆಯೋದಷ್ಟೇ ನಮ್ದು ಮೇಡಂ. ಮೇಲೆ ಬಣ್ಣದಲ್ಲಿ ಬರೆಯೋದೆಲ್ಲ ಮನೆ ಹೆಂಗಸ್ರು. ಬೇಕಾದ್ರೆ ನಮ್ಮೂರ ಮೇಷ್ಟ್ರನ್ನ ಕೇಳಿ” ಎಂದು ನನ್ನತ್ತ ಕೈ ತೋರಿಸಿದರು.

“ಹೌದು, ನಮ್ಮಲ್ಲಿ ಹಾಗೇ” ಎಂದೆ.

ಅಷ್ಟರಲ್ಲಿ ಸಾಹೇಬರ ಹೆಂಡತಿ ಟೀ ತಂದರು. ಡಾಕ್ಟರಮ್ಮ ನಗುತ್ತ ಪೆನ್ನನ್ನು ಅವರಿಗೆ ಕೊಟ್ಟರು.

“ನಾನಾ? ನಲವತ್ತು ವರ್ಷದಿಂದ ಒಂದು ಬ್ರಷ್ ಮುಟ್ಟೋಕೆ ಬುಟ್ಟಿಲ್ಲ ಇವ್ರು! ಬೆಳಿಗ್ಗೆಯಿಂದ ನನ್ನ ಹೆಸ್ರೇ ಮರ್ತವ್ರೆ!”

ಸೂಜಿ ಸಾಹೇಬರಿಗೆ ಬಿತ್ತು, ಡಾಕ್ಟರಮ್ಮನ ನೋಟ ನನಗೆ. ಪರೀಕ್ಷೆಯಲ್ಲಿ ಪಕ್ಕದವರಿಗೆ ಹೇಳಿಕೊಟ್ಟು ಸಿಕ್ಕಿಬಿದ್ದ ಮೇಷ್ಟ್ರು ಬಹುಶಃ ನಾನೊಬ್ಬನೇ.