ಅಣ್ಣ ಕೇಳಿದ ಐವತ್ತೈದರ ಟೈರು

ಜಹೀರಾಬಾದಿನ ಟೈರಿನ ಅಂಗಡಿಯಲ್ಲಿ ಅಣ್ಣ ಬೆಳಿಗ್ಗೆಯಿಂದ ಒಂದೇ ಹಟ ಹಿಡಿದಿದ್ದ. ಅವನ ಕಾರಿನ ಹದಿನೇಳು ಇಂಚಿನ ಚಕ್ರಕ್ಕೆ ಕಂಪನಿಯವರು ಕೊಟ್ಟ ಸೈಜು ೨೨೫/೪೫. ಆ ಎರಡನೆಯ ಅಂಕಿ ಟೈರಿನ ಪಕ್ಕೆ ಎಷ್ಟು ಎತ್ತರ ಎಂಬುದನ್ನು ಹೇಳುತ್ತದೆ. ಪಕ್ಕೆ ಗಿಡ್ಡವಿದ್ದಷ್ಟೂ ಕಾರು ತಿರುವಿನಲ್ಲಿ ನೆಲ ಕಚ್ಚಿ ಓಡುತ್ತದೆ, ಆದರೆ ಗುಂಡಿಗೆ ಬಿದ್ದರೆ ಟೈರು ಬೇಗ ಒಡೆಯುತ್ತದೆ. ಅಣ್ಣನಿಗೆ ಐವತ್ತೈದು ಬೇಕಿತ್ತು.

"ಸ್ಟೇರಿಂಗ್ ತಿರುವಿದ್ರ ಒಳಗ ತಿಕ್ತದ್ರಿ ಸಾಬ್, ಮೀಟರ್ ಭಿ ಸುಳ್ಳು ಹೇಳ್ತದ," ಅಂಗಡಿಯವನಿಗೆ ಸಾಕಾಗಿತ್ತು. "೨೧೫/೫೦ ಹಾಕಸ್ರಿ. ಇದೇ ಚಕ್ರಕ್ಕ ಕೂಡ್ತದ, ಪಕ್ಕಿ ಜರಾ ಎತ್ತರ ಇರ್ತದ."

"ತಿಕ್ಕಲಿ. ಒಡೀಬಾರ್ದು, ಅಷ್ಟೇ."

ಅಣ್ಣ ತಾಂಡೂರಿನ ಕಾರ್ಖಾನೆಯಲ್ಲಿ ನೌಕರ. ಹೈದರಾಬಾದಿನಿಂದ ಸೆಕೆಂಡ್ ಹ್ಯಾಂಡಿನಲ್ಲಿ ಈ ಓಟದ ಕಾರು ತಂದಾಗ, ನಮ್ಮ ನಾರಾಯಣಖೇಡದ ರಸ್ತೆಗೆ ಇದಕ್ಕಿಂತ ಎತ್ತಿನ ಬಂಡಿ ವಾಸಿ ಎಂದು ನಾನು ಆಡಿಕೊಂಡಿದ್ದೆ. ಅಪ್ಪ ಹೋದ ಮೇಲೆ ಆಡಿಕೊಳ್ಳುವುದು ಬಿಟ್ಟೆ.

ಅಪ್ಪನಿಗೆ ದಮ್ಮು. ಉಸಿರು ಕಟ್ಟಿದಾಗೆಲ್ಲ "ಗಾಳಿ ಸಾಲವಲ್ದು" ಎನ್ನುತ್ತಿದ್ದ. ಮನೆಯಲ್ಲಿ ನಾವೆಲ್ಲ ಅವನ ಉಸಿರಿಗೆ ಗಾಳಿ ಎಂದೇ ಹೇಳುತ್ತಿದ್ದೆವು. ತೆಲಂಗಾಣ ಚಳವಳಿಯ ಕಾಲ ಅದು. ಒಂದು ಬಂದ್ ದಿನ ಮಧ್ಯಾಹ್ನ ದಮ್ಮು ವಿಪರೀತವಾಯಿತು. ಅವ್ವ, ಅಪ್ಪ ಹಿಂದೆ, ನಾನು ಅಣ್ಣನ ಪಕ್ಕ, ಜಹೀರಾಬಾದಿನ ಆಸ್ಪತ್ರೆಗೆ ಹೊರಟೆವು. ದಾರಿಯಲ್ಲಿ ಹಳೇ ಟೈರು ಉರಿಯುತ್ತಿದ್ದವು. ರಸ್ತೆ ತಡೆದಿದ್ದ ಹುಡುಗರು ಅಪ್ಪನನ್ನು ನೋಡಿ ಪಕ್ಕಕ್ಕೆ ಸರಿದು ಹೊಲದ ಕಡೆಯಿಂದ ದಾರಿ ತೋರಿಸಿದರು. ಕಾರು ರಸ್ತೆಯಿಂದ ಇಳಿಸಿದ್ದೇ ತಡ, ಮುಂದಿನ ಟೈರಿನ ಪಕ್ಕೆ ಕಲ್ಲಿಗೆ ಸೀಳಿತು. ಹೊಲದಾಚೆ ಒಂದು ಆಟೋ ಕಂಡಿತು. ಅಣ್ಣ ಓಡಿದ, ಹಿಂದೆ ನಾನೂ. ಆಟೋದವನು ಇನ್ನೇನು ಒಪ್ಪಿದ್ದ, ಅಷ್ಟರಲ್ಲಿ ಅವ್ವನ ಬೋರಾಡಿ ಅಳುವ ದನಿ ಕೇಳಿತು. ಎಲ್ಲ ಬಿಟ್ಟು ವಾಪಸ್ ಓಡಿದೆವು. ಅಪ್ಪ ಹೋಗಿಬಿಟ್ಟಿದ್ದ.

ಆಮೇಲೆ ಅಣ್ಣ ಮನುಷ್ಯನಾಗಿ ಉಳಿಯಲಿಲ್ಲ. ಎಲ್ಲಿಗೆ ಹೊರಟರೂ ಕುಕ್ಕರಗಾಲಲ್ಲಿ ಕೂತು ನಾಲ್ಕೂ ಟೈರಿನ ಪಕ್ಕೆ ಸವರುತ್ತಿದ್ದ. ಊಟದ ನಡುವೆ ತುತ್ತು ಹಿಡಿದು, "ಹೊರಗ ಟೈರ್ ಒಡೀತೇನು?" ಎಂದು ಕೇಳುತ್ತಿದ್ದ. ಆ ನಲವತ್ತೈದರ ಟೈರೇ ಅಪ್ಪನನ್ನು ಕೊಂದಿತು ಎಂದು ಅವನು ನಂಬಿದ್ದ. ನಾವೂ ನಂಬಿದ್ದೆವು.

ಅಂಗಡಿಯ ಕೆಲಸಗಾರ ಹಳೇ ಟೈರಿನ ವಾಲ್ವ್ ಬಿಚ್ಚಿದ. ಬುಸ್ಸೆಂದು ಸದ್ದಾಯಿತು. "ಗಾಲಿ ಪೋಯಿಂದಿ," ಎಂದು ಮಾಲೀಕನಿಗೆ ತೆಲುಗಿನಲ್ಲಿ ಕೂಗಿ ಹೇಳಿದ.

ಸ್ಟೂಲಿನ ಮೇಲೆ ಕೂತಿದ್ದ ಅವ್ವ ತಟ್ಟನೆ ಎದ್ದಳು. "ಏನಂದ ಅಂವ?"

"ಟೈರಿನ ಗಾಳಿ ಹೋತು ಅಂದ," ಎಂದೆ.

ಅವ್ವ ನನ್ನ ಕಡೆ ನೋಡಲಿಲ್ಲ. ಅಣ್ಣನ ತೋಳು ಹಿಡಿದುಕೊಂಡಳು. "ಮಗಾ, ಅವತ್ತ ಆ ಹುಡುಗ್ರೂ ಇದೇ ಅಂದ್ರು. ಕಿಡಕಿ ಹತ್ರ ನಿಂತು ಅಂದ್ರು. ನಿಮ್ಮಪ್ಪಂದು ಗಾಳಿ ಹೋತು ಅಂತಾರ ಅಂತ ನಾ ಚೀರ್ದೆ. ನಾ ಚೀರಿದ್ದು ಕೇಳಿ ನಿಮ್ಮಪ್ಪ ಕಣ್ಣ ತೆರದು ನನ್ನ ನೋಡಿದ್ರು, ಇನ್ನೂ ಇದ್ರು. ನನ್ನ ಚೀರಾಟಕ್ಕ ನೀವು ಆಟೋ ಬಿಟ್ಟು ಹೊಲ ದಾಟಿ ಬರೂದ್ರಾಗ ಹೋದ್ರು. ಆಟೋ ಹೋಗಿಬಿಟ್ಟಿತ್ತು."

ಅಣ್ಣ ಅವಳ ಕೈ ಬಿಡಿಸಿಕೊಳ್ಳಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಅಂಗಡಿಯವನ ಕಡೆ ತಿರುಗಿ, "ಐವತ್ತು ಹಾಕ್ರಿ," ಎಂದ.

ವಾಪಸ್ ಬರುವಾಗ ಅವನು ಹಿಂದಿನಂತೆ ನಿರಾಳವಾಗಿ ಓಡಿಸಿದ. ನಾನು ಕನ್ನಡಿಯಲ್ಲಿ ನೋಡಿದೆ. ಒಂದೊಂದು ಗುಂಡಿ ಬಂದಾಗಲೂ ಅವ್ವ ಪಕ್ಕದ ಖಾಲಿ ಸೀಟಿಗೆ ಅಡ್ಡಲಾಗಿ ಕೈ ಹಿಡಿಯುತ್ತಿದ್ದಳು, ಅಲ್ಲಿ ಕೂತ ಯಾರೋ ಜಾರಿ ಬೀಳಬಾರದೆಂಬಂತೆ. ನನಗೆ ಹೆದರಿಕೆಯಾಯಿತು. ಅವ್ವನ ಈ ರೂಢಿ ಇವತ್ತು ಹೊಸದಾಗಿ ಶುರುವಾದದ್ದಲ್ಲ. ಇಷ್ಟು ದಿನ ನಾವೆಲ್ಲ ಅಣ್ಣನನ್ನೇ ನೋಡುತ್ತಿದ್ದೆವು.