ಬೇಲಿಯೊಳಗೆ ಉಳಿದ ನೊವೆತು

ಡಾನಿಲೆ ಮಾಮ ನನ್ನ ತಾಯಿಯ ಅಣ್ಣ. ಹುಟ್ಟಿದ್ದು, ಕುರಿ ಕಾಯ್ದದ್ದು, ಮದುವೆಯಾಗಿದ್ದು, ಹೆಂಡತಿಯನ್ನು ಮಣ್ಣು ಮಾಡಿದ್ದು, ಎಲ್ಲವೂ ಬಿಳಿಯ ಒಡೆಯನೊಬ್ಬನ ಜಮೀನಿನಲ್ಲಿ. ಅವನ ಅಪ್ಪ, ಅಜ್ಜ ಕೂಡ ಅಲ್ಲಿನ ಗುಡ್ಡದ ಬುಡದಲ್ಲೇ ಮಲಗಿದ್ದರು. "ನೆಲ ಅವರದು, ನೆಲದ ಕೆಳಗಿರೋರು ನಮ್ಮೋರು," ಎನ್ನುತ್ತಿದ್ದ.

ಕರಿಯರೂ ಮೊದಲ ಸಲ ಮತ ಹಾಕಿದ ದಿನ ಒಡೆಯ ಆಳುಗಳನ್ನೆಲ್ಲ ಕುರಿ ಸಾಗಿಸುವ ಲಾರಿಯಲ್ಲಿ ಊರಿಗೆ ಕಳಿಸಿದ್ದ. "ಹೋಗೋವಾಗ್ಲೂ ಕುರಿ, ಬರೋವಾಗ್ಲೂ ಕುರಿ. ಮಧ್ಯದಲ್ಲಿ ಸಾಲಲ್ಲಿ ನಿಂತಿದ್ವಲ್ಲ, ಅಷ್ಟು ಹೊತ್ತು ಮನುಷ್ಯರು," ಎಂದು ಮಾಮ ಆ ಕಥೆ ಹೇಳುವಾಗಲೆಲ್ಲ ಅವನ ಹೆಂಡತಿ ನೊವೆತು ಅತ್ತೆ, "ನೀನು ಅಲ್ಲೂ ಬ್ಯಾ ಅಂತಿದ್ದೆ, ಸುಮ್ನಿರು," ಎಂದು ಕಿಚಾಯಿಸುತ್ತಿದ್ದಳು.

ಅತ್ತೆ ಎದೆಯ ಕಾಯಿಲೆಯಿಂದ ತೀರಿಕೊಂಡಳು. ಸ್ವಲ್ಪ ಕಾಲದಲ್ಲೇ ಒಡೆಯ ಜಮೀನು ಮಾರಿದ. ಕೊಂಡ ಕಂಪನಿಯವರು ಕುರಿಗಳನ್ನು ಸಾಗಹಾಕಿ, ಎತ್ತರದ ವಿದ್ಯುತ್ ಬೇಲಿ ಎಳೆದು, ಪ್ರವಾಸಿಗರಿಗೆ ತೋರಿಸಲು ಕಾಡೆಮ್ಮೆ, ಸಿಂಹ ತಂದು ಬಿಟ್ಟರು. ಆಳುಗಳಿಗೆ ಊರಂಚಿನಲ್ಲಿ ಸರ್ಕಾರದ ಸಿಮೆಂಟು ಮನೆಗಳು ಸಿಕ್ಕವು. ಬಾಗಿಲಲ್ಲೇ ನಲ್ಲಿ, ಒಳಗೆ ಕರೆಂಟು. ಮಾಮ ಗೊಣಗಲಿಲ್ಲ. ಆದರೆ ಕುರಿಯಿಲ್ಲದ ಕೈಗಳನ್ನು ಎಲ್ಲಿಡಬೇಕೆಂದು ತೋಚದೆ ಇಡೀ ದಿನ ಬಿಸಿಲಲ್ಲಿ ಗೋಡೆಗೊರಗಿ ಕೂತಿರುತ್ತಿದ್ದ.

ಒಂದು ಚಳಿಗಾಲ ಅತ್ತೆ ಅವನ ಕನಸಿಗೆ ಬರತೊಡಗಿದಳು. "ಚಳಿ ಅಂತಾಳೆ ಮಗಳೇ. ಬೇರೆ ಮಾತೇ ಆಡಲ್ಲ. ಹೋಗಿ ಮಾತಾಡಿಸಿ, ಸಮಾಧಿ ಮೇಲೆ ಒಂದಿಷ್ಟು ಬಿಯರ್ ಹೊಯ್ದು ಬರ್ಬೇಕು."

ಅಮ್ಮ ಜೋಳದ ಬಿಯರ್ ಹುದುಗಿಸಿದಳು. ಡಬ್ಬಿ ಹಿಡಿದು ನಾನೂ ಮಾಮನೂ ಹೋದೆವು. ಗೇಟಿನಲ್ಲಿದ್ದವನು ನಮ್ಮವನೇ, ನಮ್ಮ ಭಾಷೆಯವನೇ. "ತಾತ, ನಿಮ್ಮ ಕಾಲು ಹಿಡ್ಕೋತೀನಿ, ವಾಪಸ್ ಹೋಗಿ. ಬಿಟ್ರೆ ನನ್ನ ಕೆಲಸ ಹೋಗುತ್ತೆ," ಎಂದ. ಮಾಮನಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ.

ಉಚಿತವಾಗಿ ಕೇಸು ನಡೆಸುವ ವಕೀಲೆಯೊಬ್ಬಳನ್ನು ಕಂಡೆವು. ಚಿಕ್ಕ ಹುಡುಗಿ, ಉತ್ಸಾಹದ ಬುಗ್ಗೆ. "ತಾತ, ಹೊಸ ಕಾನೂನು ನಿಮ್ಮ ಕಡೆಗಿದೆ. ಸಮಾಧಿ ನೋಡೋದು ನಿಮ್ಮ ಹಕ್ಕು!"

"ಸರಿ ತಾಯಿ. ಅದನ್ನ ಕಾಡೆಮ್ಮೆಗೆ ಯಾರು ಹೇಳ್ತಾರೆ?" ಎಂದ ಮಾಮ. ಅವಳು ನಕ್ಕಳು. ಮಾಮ ನಗಲಿಲ್ಲ.

ಕೇಸು ಎಳೆಯುತ್ತಿದ್ದಾಗ ಮಾಮ ಲಿಝೋನ ಮನೆಗೆ ಹೋಗೋಣವೆಂದ. ಕರಿಯರ ಹಕ್ಕಿಗಾಗಿ ಹೋರಾಡಿದವರ ಬೆನ್ನು ಪೊಲೀಸರು ಹತ್ತಿದ್ದ ಆ ಕೆಟ್ಟ ದಿನಗಳಲ್ಲಿ ಲಿಝೋನನ್ನು ಕುರಿತೊಗಲಿನ ರಾಶಿಯ ಕೆಳಗೆ ಬಚ್ಚಿಟ್ಟು ಗಂಜಿ ಹಾಕಿ ಉಳಿಸಿದವಳು ಅತ್ತೆ. ಈಗ ಅವನು ಆಳುವ ಪಕ್ಷದ ದೊಡ್ಡ ಮನುಷ್ಯ. ಆ ಬೇಲಿ ಕಂಪನಿಯಲ್ಲಿ ಅವನೂ ಪಾಲುದಾರ.

ಲಿಝೋ ಮಾಮನನ್ನು ಬಾಚಿ ತಬ್ಬಿಕೊಂಡ. ವಿಷಯ ಕೇಳಿ ಮುಖ ಬಾಡಿತು.

"ತಾತ, ನಾನಲ್ಲಿ ಬರೀ ಹೆಸರಿಗೆ. ಕಾನೂನಿಗೆ ಕರಿಯನೊಬ್ಬ ಪಾಲುದಾರ ಇರ್ಬೇಕಿತ್ತು, ಕೂರಿಸಿದ್ದಾರೆ. ಗೇಟು ತೆಗಿ ಅಂದ್ರೆ ನನ್ನ ಮಾತು ಯಾರು ಕೇಳ್ತಾರೆ?"

"ಹಂಗಾದ್ರೆ ನೀನೂ ಗೇಟಿನವನೇ ಅನ್ನು," ಎಂದ ಮಾಮ, ಬೇಸರದಿಂದಲ್ಲ, ಸಮಾಧಾನ ಹೇಳುವವನಂತೆ.

ಕೊನೆಗೆ ಕೇಸು ನಾವೇ ಗೆದ್ದೆವು. ಕಂಪನಿಯ ಜೀಪಿನಲ್ಲಿ, ಅವರ ಮಾರ್ಗದರ್ಶಿಯ ಜೊತೆ ಹೋಗಿ ಬರಬಹುದು. ಮಾಮ ಮದುವೆಯ ಕೋಟು ತೊಟ್ಟ. ಅದು ಭುಜದಿಂದ ಜಾರುತ್ತಿತ್ತು. ಜೀಪಿನಲ್ಲಿ ಹೊರದೇಶದ ಇಬ್ಬರು ಪ್ರವಾಸಿಗರೂ ಇದ್ದರು.

ಗುಡ್ಡದ ಬುಡ ಸಮೀಪಿಸಿತು. ಮುಳ್ಳುಮರಗಳ ಕೆಳಗೆ ಕಲ್ಲುಗುಪ್ಪೆಗಳು ಕಂಡವು. ಅವುಗಳ ನಡುವೆ ಕಾಡೆಮ್ಮೆಗಳ ಹಿಂಡು ಮಲಗಿತ್ತು. ಮಾಮ ಡಬ್ಬಿ ಹಿಡಿದು ಎದ್ದ. ಮಾರ್ಗದರ್ಶಿ ಅವನ ತೋಳು ಹಿಡಿದುಕೊಂಡ.

"ಇಳೀಬೇಡಿ ತಾತ. ಕರು ಹಾಕಿವೆ, ಕೊಂದೇ ಬಿಡ್ತವೆ."

ತುಂಬ ಹೊತ್ತು ಕಾದೆವು. ಕೋಣವೊಂದು ಎದ್ದು ನಮ್ಮನ್ನೇ ನೋಡುತ್ತಾ ನಿಂತಿತು. ಪ್ರವಾಸಿಗರು ಖುಷಿಯಿಂದ ಫೋಟೋ ತೆಗೆದರು. ಸಂಜೆಯಾಗುತ್ತಿದೆ, ಹೊರಡಬೇಕು ಎಂದ ಮಾರ್ಗದರ್ಶಿ. ಮಾಮ ಟೋಪಿ ತೆಗೆದ. ಜೀಪಿನೊಳಗಿಂದಲೇ ಅತ್ತೆಯನ್ನು ಅವಳ ಕುಲದ ಹೆಸರಿನಿಂದ ಕೂಗಿದ.

"ಮಾದ್ಲಾಮಿನಿ! ನಾನು ಕಣೇ. ಬಂದಿದೀನಿ. ಇಳಿಯೋಕೆ ಬಿಡ್ತಿಲ್ಲ..."

ಬಿಯರನ್ನು ಜೀಪಿನ ಅಂಚಿನಿಂದ ಸುರಿದ. ಅರ್ಧ ಚಕ್ರದ ಮೇಲೆ ಬಿತ್ತು.

ಆಮೇಲೆ ಅವನು ಕನಸಿನ ಸುದ್ದಿ ಎತ್ತಲಿಲ್ಲ. ಮತ್ತೆ ಹೋಗೋಣವೇ ಎಂದರೆ, "ಹೋಗಿ ಅವಳ ಮುಂದೆ ಏನಂತ ನಿಲ್ಲಲಿ?" ಎನ್ನುತ್ತಿದ್ದ. ಮುಂದಿನ ಚುನಾವಣೆಯಲ್ಲಿ ನನ್ನ ತೋಳು ಹಿಡಿದು ಹೋಗಿ ಮತ ಹಾಕಿ ಬಂದ. ಯಾರಿಗೆ ಎಂದು ಕೇಳಿದೆ. "ಹಾಕ್ದೆ," ಎಂದಷ್ಟೇ ಅಂದ.

ಆ ವರ್ಷವೇ ಹೋಗಿಬಿಟ್ಟ. ಅತ್ತೆಯ ಪಕ್ಕದಲ್ಲಿ ಹೂಳಲು ಕೇಳಿದೆವು. ನೋಡಿ ಬರುವ ಹಕ್ಕು ಮಾತ್ರ ನಿಮ್ಮದು, ಜಮೀನಲ್ಲಿ ವಾಸವಿಲ್ಲದವರನ್ನು ಹೂಳುವಂತಿಲ್ಲ ಎಂದು ಕಂಪನಿಯವರು ತುಂಬ ಮರ್ಯಾದೆಯಿಂದಲೇ ಹೇಳಿದರು. ವಕೀಲೆಯೂ ಹೌದೆಂದಳು. ಅವಳ ದನಿಯಲ್ಲಿ ಮೊದಲಿನ ಉತ್ಸಾಹವಿರಲಿಲ್ಲ. ಊರ ಸ್ಮಶಾನದಲ್ಲಿ, ಗುರುತಿಲ್ಲದವರ ನಡುವೆ ಮಾಮನನ್ನು ಮಲಗಿಸಿದೆವು.

"ನೊವೆತುಗೆ ಯಾರು ಹೇಳೋದು, ಇವನು ಬರಲ್ಲ ಅಂತ?" ಎಂದು ಅಮ್ಮ ಒಬ್ಬೊಬ್ಬರನ್ನೇ ಕೇಳುತ್ತಿದ್ದಳು.

ಲಿಝೋ ಮಣ್ಣಿಗೆ ಬಂದಿದ್ದ. ಚೆನ್ನಾಗಿ ಮಾತಾಡಿದ, ನಿಜವಾಗಿಯೂ ಅತ್ತ. ಅವನಿಗೆ ಬಯ್ಯಬೇಕೆಂದು ನಾನು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಅವನು ಊಟಕ್ಕೆ ಕೂತಾಗ ತಟ್ಟೆಗೆ ಮಾಂಸ ಬಡಿಸಿದೆ. ಸಾಕು ಎಂದ. ಇನ್ನೊಂದು ತುಂಡು ಹಾಕಿ ಮುಂದಿನವರ ಹತ್ತಿರ ಹೋದೆ.