ಮೂರು ಬೆಳೆಗೆ ಒಂದೇ ಖಾನೆ

ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಮನೆಯವರು ಹೇಳುತ್ತಾರೆ. ಇರಲಿ. ಗದಗದ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಭೂಗೋಳ ಕಲಿಸಿದವನಿಗೆ ಅಷ್ಟೂ ಹಕ್ಕಿಲ್ಲವೇ? ಬೇರೆ ಸಿಟ್ಟುಗಳು ಒಂದು ಕಪ್ ಚಹಾ ಕುಡಿಯುವುದರೊಳಗೆ ಇಳಿಯುತ್ತವೆ. ಅಕ್ಕನ ಹೊಲದ ವಿಷಯಕ್ಕೆ ಬಂದ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ. ಅದರಲ್ಲಿ ಅರ್ಧ ನನ್ನ ಮೇಲೆಯೇ ಇದೆ.

ಅಕ್ಕನ ಹೊಲ ಇರುವುದು ಸೊರಟೂರಿನಲ್ಲಿ. ಕಪ್ಪು ಎರಿ ಭೂಮಿ. ಭಾವ ತೀರಿಕೊಂಡ ಮೇಲೂ ಅಕ್ಕ ತಾನೇ ನಿಂತು ಬೆಳೆಯುತ್ತಾಳೆ. ಒಂದೇ ಹೊಲದಲ್ಲಿ, ಸಾಲಿನ ಪಕ್ಕ ಸಾಲು, ಉಳ್ಳಾಗಡ್ಡಿ, ಮೆಣಸಿನಕಾಯಿ, ಹತ್ತಿ. ಉಳ್ಳಾಗಡ್ಡಿ ಮೊದಲು ಕೀಳಲು ಬರುತ್ತದೆ, ಆಮೇಲೆ ಮೆಣಸಿನಕಾಯಿ ಕೆಂಪಾಗುತ್ತದೆ, ಕೊನೆಗೆ ಹತ್ತಿ ಒಡೆಯುತ್ತದೆ. ಒಂದು ಕೈಕೊಟ್ಟರೆ ಇನ್ನೆರಡು ಇರುತ್ತವೆ. ಅವಳ ಅತ್ತೆಯೂ ಹೀಗೇ ಬೆಳೆಸುತ್ತಿದ್ದಳಂತೆ. ಉಳ್ಳಾಗಡ್ಡಿ ಬೀಜವಂತೂ ಅತ್ತೆಯ ಕಾಲದ್ದೇ. ಅಕ್ಕ ಪ್ರತಿ ವರ್ಷ ದಪ್ಪ ಗಡ್ಡೆಗಳನ್ನು ಆರಿಸಿ, ಮತ್ತೆ ನೆಟ್ಟು, ಹೂವು ಒಣಗಿಸಿ ಬೀಜ ಮಾಡಿಕೊಂಡು, ಗಡಿಗೆಯಲ್ಲಿ ಹಾಕಿ ಬಾಯಿ ಕಟ್ಟಿ ಇಡುತ್ತಿದ್ದಳು.

ಅವಳ ಮೆಣಸಿನಕಾಯಿಯನ್ನು ಒಯ್ಯುತ್ತಿದ್ದವರು ಲಕ್ಷ್ಮೇಶ್ವರದ ಒಬ್ಬ ವ್ಯಾಪಾರಿ ಸಾಹೇಬರು. ಬಂದು, ಒಂದು ಹಿಡಿ ಕಾಯಿ ತೆಗೆದುಕೊಂಡು ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದರು. ಒಳಗಿನ ಬೀಜ ಗಲಗಲ ಅಂದರೆ ಚೆನ್ನಾಗಿ ಒಣಗಿದೆ ಎಂದರ್ಥ. ಒಂದನ್ನು ಮುರಿದು ಮೂಸುತ್ತಿದ್ದರು. "ಆತ್ರಿ ಅಕ್ಕಾರ" ಅನ್ನುತ್ತಿದ್ದರು. ಅಲ್ಲಿಗೆ ಕಾಗದಪತ್ರ ಮುಗಿಯಿತು. ಆ ಕಾಯಿ ಅವರ ಕೈಯಿಂದ ಇನ್ನೊಬ್ಬರ ಕೈಗೆ, ಅಲ್ಲಿಂದ ಬಂದರಿಗೆ, ಅಲ್ಲಿಂದ ಹಡಗು ಹತ್ತಿ ಹೊರದೇಶಕ್ಕೆ ಹೋಗುತ್ತಿತ್ತು.

ಎರಡು ವರ್ಷದ ಹಿಂದೆ ಸಾಹೇಬರು ಬಂದಾಗ ನಾನೂ ಅಲ್ಲೇ ಇದ್ದೆ. ಅವರು ಹೊಲದ ಕಡೆ ಹೋಗದೆ ಕಟ್ಟೆಯ ಮೇಲೆ ಕುಳಿತು ಮೊಬೈಲ್ ತೆಗೆದರು.

"ನಮ್ಮ ಸರಕಾರ, ಕಾಯಿ ಕೊಳ್ಳೂ ದೇಶದ ಸರಕಾರ, ಎರಡೂ ಒಪ್ಪಂದಕ್ಕ ಸಹಿ ಹಾಕ್ಯಾವ್ರಿ ಮಾಸ್ತರ. ಇನ್ನ ಮ್ಯಾಲೆ ಆ ದೇಶಕ್ಕ ಕಾಯಿ ಹೋಗಬೇಕಂದ್ರ, ಅದು ಯಾರ ಹೊಲದ್ದು, ಹೊಲ ಎಲ್ಲೈತಿ, ಏನು ಬೆಳದಾರ, ಯಾವ ಔಷಧಿ ಹೊಡದಾರ, ಎಲ್ಲಾ ಮೊದಲ ಅವರ ಕಂಪ್ಯೂಟರಿನ್ಯಾಗ ಇರಬೇಕಂತ."

ಆ ಒಪ್ಪಂದದ ಫೋಟೋ ನಾನೂ ಪೇಪರಿನಲ್ಲಿ ನೋಡಿದ್ದೆ. ಹಿಂದೆ ಎರಡು ಬಾವುಟ, ಮುಂದೆ ಇಬ್ಬರು ಕೈಕುಲುಕಿ ನಗುತ್ತಿದ್ದರು. ಖುಷಿಪಟ್ಟಿದ್ದೆ, ಸುಳ್ಳೇಕೆ ಹೇಳಲಿ. ಆಮದು, ರಫ್ತು, ರಾಯಭಾರಿ ಎಂದು ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆದವನು ನಾನು. ಅದೆಲ್ಲ ಕೊನೆಗೆ ನಮ್ಮಕ್ಕನ ಬದುವಿಗೇ ಬಂತಲ್ಲ ಎಂದು ಎದೆಯುಬ್ಬಿತ್ತು.

ವಾರದೊಳಗೆ ರಫ್ತು ಮಾಡುವ ಕಂಪನಿಯಿಂದ ಒಬ್ಬ ಅಧಿಕಾರಿ ಸ್ಕೂಟರಿನಲ್ಲಿ ಬಂದಳು. ಇಪ್ಪತ್ತೈದರ ಹುಡುಗಿ, ಡಂಬಳದ ಕಡೆಯವಳು, ಮಾತಿನಲ್ಲಿ ಮರ್ಯಾದೆ. ಅಕ್ಕನ ಫೋಟೋ ತೆಗೆದಳು, ಹೆಬ್ಬೆಟ್ಟು ತೆಗೆದುಕೊಂಡಳು, ವಯಸ್ಸು ಕೇಳಿದಳು. ಮೊಬೈಲ್ ಹಿಡಿದು ಹೊಲದ ಸುತ್ತ ಒಂದು ಸುತ್ತು ಬರಬೇಕು, ನಕಾಶೆ ತಾನೇ ಮೂಡುತ್ತದೆ ಅಂದಳು. ಆ ಕೆಲಸ ನನ್ನದೇ ಎಂದು ಮೊಬೈಲ್ ಕಸಿದುಕೊಂಡು ಹೊರಟೆ. ಅಕ್ಕ ಹಿಂದಿನಿಂದ ನಗುತ್ತಾ ಬಂದಳು.

"ಯಪ್ಪಾ, ಎಳ್ಳ ಅಮಾಸಿಗೆ ಚರಗ ಚೆಲ್ಲಾಕ ಹೊಂಟಾಂಗ ಹೊಂಟಿಯಲ್ಲೋ ತಮ್ಮಾ! ಕೈಯಾಗ ಭೂತಾಯಿಗೆ ಚೆಲ್ಲೂ ಅನ್ನದ ಬುಟ್ಟಿ ಒಂದ್ ಇಲ್ಲ ನೋಡು."

ಕೊನೆಯಲ್ಲಿ ಮೊಬೈಲು ಬೆಳೆಯ ಹೆಸರು ಕೇಳಿತು. ಮೂರೂ ಹಾಕು ಅಂದೆ.

"ಒಂದೇ ತಗೋತೈತ್ರಿ ಸರ," ಅಂದಳು ಹುಡುಗಿ. "ಒಂದ್ ಹೊಲಕ್ಕ ಒಂದ್ ಬೆಳಿ. ಬೆಳಿ ಹೆಸರು ಬರಿಯೂ ಖಾನೆ ಒಂದೇ ಐತ್ರಿ."

ಕಳುಹಿಸುವುದು ಮೆಣಸಿನಕಾಯಿ ತಾನೇ ಎಂದು ಮೆಣಸಿನಕಾಯಿ ಒತ್ತಿದೆವು.

ಹದಿನೈದು ದಿನದ ಮೇಲೆ ನಕಾಶೆಯಲ್ಲಿ ಅಕ್ಕನ ಹೊಲದ ಸುತ್ತ ಕೆಂಪು ಗೆರೆ ಬಂತು. ಮೇಲಿನಿಂದ ಉಪಗ್ರಹ ತೆಗೆದ ಚಿತ್ರದಲ್ಲಿ ಹತ್ತಿ ಗಿಡ ಕಂಡಿತಂತೆ. ಹೇಳಿದ ಬೆಳೆ ಬೇರೆ, ಕಂಡ ಬೆಳೆ ಬೇರೆ, ಆದ್ದರಿಂದ ಮಾಹಿತಿ ಸುಳ್ಳು, ಕಾಯಿ ಬೇಡ. ನನ್ನ ಮೈಯೆಲ್ಲ ಉರಿದುಹೋಯಿತು. ಹುಟ್ಟಿದಂದಿನಿಂದ ನೋಡಿದ್ದೇನೆ, ನಮ್ಮಕ್ಕ ತೂಕದಲ್ಲಿ ಒಂದು ಕಾಯಿ ಹೆಚ್ಚು ಬಂದರೂ ವಾಪಸ್ ಕೊಟ್ಟವಳು. ಆಕೆಯ ಮುಖ ನೋಡದ, ಹೊಲ ಮೆಟ್ಟದ ಒಂದು ಯಂತ್ರ ಆಕೆಯನ್ನು ಸುಳ್ಳಿ ಅಂದಿತು. ಎದುರಿಗೆ ಬಂದು ಅಂದಿದ್ದರೆ ಒಂದು ಮಾತಾದರೂ ಕೇಳುತ್ತಿದ್ದೆ. ಮೊಬೈಲಿಗೆ ಏನಂತ ಬೈಯಲಿ?

ಸಾಹೇಬರು ಬಂದರು. ಎಂದಿನಂತೆ ಒಂದು ಹಿಡಿ ಕಾಯಿ ಅಲ್ಲಾಡಿಸಿದರು, ಮುರಿದು ಮೂಸಿದರು, ಮತ್ತೆ ರಾಶಿಯ ಮೇಲೆ ಹಾಕಿದರು.

"ಕಣ್ಣು ಮುಚಗೊಂಡು ಹೇಳತೀನ್ರಿ, ಇದು ಅಕ್ಕಾರ ಕಾಯಿ ಅಂತ. ನನ್ನ ಮೂಗಿನ ಮಾತು ಕೇಳಾವ್ರು ಯಾರೂ ಇಲ್ಲಲ್ರಿ ಈಗ. ಮೊದಲ ಎರಡು ದೇಶ ಮುನಿಸ್ಕೊಂಡ್ರ ಪೇಪರಿನ್ಯಾಗ ಖಬರ ಬರ್ತಿತ್ತು, ಮಂತ್ರಿಗಳು ಹೋಗಿ ಮಾತಾಡ್ತಿದ್ರು. ಈ ಕೆಂಪು ಗೆರಿ ಜೋಡಿ ಯಾರು ಹೋಗಿ ಮಾತಾಡಬೇಕ್ರಿ?"

ಆ ವರ್ಷದ ಕಾಯಿ ಗದಗದ ಮಾರುಕಟ್ಟೆಗೇ ಹೋಯಿತು. ಅಕ್ಕನಿಗೆ ಅದರ ಬೇಸರವೇನೂ ಇರಲಿಲ್ಲ. ಬೇಸರ ಇದ್ದದ್ದು ನನಗೆ. ಮುಂದಿನ ಸಲ ಬರೀ ಮೆಣಸಿನಕಾಯಿ ಹಾಕಿದರೆ ಗೆರೆ ಹಸಿರಾಗುತ್ತದೆ ಎಂದು ಹುಡುಗಿ ಹೇಳಿದ್ದಳು. ನಾನು ಆ ಮಾತು ಹಿಡಿದುಕೊಂಡು ಬೇಸಿಗೆ ಪೂರ್ತಿ ಅಕ್ಕನ ಬೆನ್ನು ಹತ್ತಿದೆ. ನಾನಿರುವ ಬೆಟಗೇರಿಯಿಂದ ಬಸ್ಸು ಹಿಡಿದು ಹೋಗಿ ಹೋಗಿ ಹೇಳಿದೆ. ಜಗತ್ತು ಬದಲಾಗಿದೆ, ದೇಶದೇಶಗಳು ಮಾಹಿತಿಯ ಮೇಲೆ ನಡೆಯುತ್ತಿವೆ, ನೀನೊಬ್ಬಳು ಹಳೆಯದನ್ನೇ ಹಿಡಿದು ಕೂತರೆ ಹೇಗೆ ಎಂದು ಭಾಷಣ ಬಿಗಿದೆ.

ಕೊನೆಗೆ ಅಕ್ಕ ಅಂದಳು: "ನೀ ಕಲಿತಾಂವ. ನೀ ಹೇಳ್ತಿ ಅಂದ್ರ ಆತು." ಆಮೇಲೆ ಗಡಿಗೆಯ ಕಡೆ ನೋಡಿದಳು. "ಈ ಉಳ್ಳಾಗಡ್ಡಿ ಬೀಜ ಏನ್ ಮಾಡ್ಲಿ?"

"ಇಡು. ಬೇಕಂದ್ರ ಮುಂದಿನ ವರ್ಷ ಹಾಕೀಯಂತ."

ಅವಳು ಏನೋ ಹೇಳಲು ಬಾಯಿ ತೆರೆದಳು, ಹೇಳಲಿಲ್ಲ. ನಾನೂ ಕೇಳಲಿಲ್ಲ. ಬಸ್ಸಿನ ಹೊತ್ತಾಗಿತ್ತು.

ಆ ವರ್ಷ ಹೊಲದ ತುಂಬ ಮೆಣಸಿನಕಾಯಿ. ಗಿಡ ಮೊಣಕಾಲುದ್ದ ಬಂದಾಗ ಎಲೆ ಮುರುಟುವ ರೋಗ ಬಿತ್ತು, ಅರ್ಧ ಹೊಲ ಮುದುಡಿತು. ಪಕ್ಕದ ಸಾಲಿನಲ್ಲಿ ಆಸರೆಗೆ ಹತ್ತಿ ಇರಲಿಲ್ಲ. ಜೀವನದಲ್ಲಿ ಮೊದಲ ಸಲ ಅಕ್ಕ ಸಂತೆಯಿಂದ ಉಳ್ಳಾಗಡ್ಡಿ ಕೊಂಡು ತಂದಳು. ಆದರೆ ಗೆರೆ ಹಸಿರಾಯಿತು! ಉಳಿದ ಕಾಯಿ ಚೀಲಕ್ಕೆ ಚೀಟಿ ಅಂಟಿಸಿಕೊಂಡು ಹೊರದೇಶಕ್ಕೆ ಹೋಯಿತು. ನಾನು ನಿರ್ಲಜ್ಜನಂತೆ ಪೇಢೆ ಒಯ್ದಿದ್ದೆ.

ಪೇಢೆ ತಿನ್ನುತ್ತಾ ಅಕ್ಕ ಹುಡುಗಿಯನ್ನು ಕೇಳಿದಳು, "ನಮ್ಮ ಕಾಯಿ ಯಾವೂರಿಗೆ ಹೋತವ್ವಾ? ಯಾರು ತಿಂತಾರ?"

"ಅದು ನಮಗ ಹೇಳೂದಿಲ್ಲಮ್ಮಾ. ಕೊಳ್ಳಾವ್ರ ಗುಟ್ಟಂತ."

ನೋಡಿ ಇವರ ನ್ಯಾಯ! ನಮ್ಮಕ್ಕನ ಹೆಬ್ಬೆಟ್ಟು ಅವರ ಹತ್ತಿರ, ಮುಖ ಅವರ ಹತ್ತಿರ, ಹೊಲದ ನಾಲ್ಕು ಮೂಲೆ ಅವರ ಹತ್ತಿರ, ಯಾವ ದಿನ ಯಾವ ಔಷಧಿ ಹೊಡೆದಳು ಅನ್ನುವುದೂ ಅವರ ಹತ್ತಿರ. ಅವಳು ಒಂದೂರಿನ ಹೆಸರು ಕೇಳಿದರೆ ಅದು ಗುಟ್ಟು! ಅತ್ತ ಕುಳಿತವರು ಇತ್ತಲಿನವರನ್ನು ಬೆತ್ತಲೆ ನೋಡಬಹುದು, ಇತ್ತಲಿನವರು ಅತ್ತ ಕಣ್ಣೆತ್ತುವ ಹಾಗಿಲ್ಲ. ಇದಕ್ಕೆ ಎರಡು ದೇಶಗಳ ಸ್ನೇಹ ಎಂದು ಹೆಸರು ಬೇರೆ. ಅಂದೇ ನನಗೆ ಬುದ್ಧಿ ಬರಬೇಕಿತ್ತು, ಬರಲಿಲ್ಲ.

ಈ ವರ್ಷ ಮಳೆಗಾಲಕ್ಕೆ ಮುಂಚೆ ಹೊಸ ಫಾರ್ಮು ಬಂತು. ಅಕ್ಕನ ಪಡಸಾಲೆಯಲ್ಲಿ ಕುಳಿತು ಹುಡುಗಿ ಓದಿದಳು. ಆ ದೇಶದವರು ನಿಯಮ ಬದಲಿಸಿದ್ದಾರಂತೆ. ಒಂದೇ ಬೆಳೆ ಬೆಳೆದರೆ ಮಣ್ಣು ಕೆಡುತ್ತದಂತೆ. ಮಿಶ್ರ ಬೆಳೆಯ ಹೊಲಕ್ಕೆ ಈಗ ಮೊದಲ ಮಣೆ. "ಹಿಂದೆ ಮಿಶ್ರ ಬೆಳೆ ಇತ್ತೇ? ಫೋಟೋ ಲಗತ್ತಿಸಿ."

ಆ ಸಾಲನ್ನು ಮತ್ತೊಮ್ಮೆ ಓದಿಸಿದೆ. ತಮ್ಮ ಹೊಲದ ಫೋಟೋ ಯಾರು ತೆಗೆದಿಡುತ್ತಾರೆ? ಮೂರು ಬೆಳೆ ನಿಂತ ಅಕ್ಕನ ಹೊಲದ ಚಿತ್ರ ಇರುವುದು ಒಂದೇ ಒಂದು, ಉಪಗ್ರಹ ತೆಗೆದದ್ದು, ಕೆಂಪು ಗೆರೆಯದ್ದು. ಅದನ್ನೇ ಕೊಡಿಸು ಅಂದೆ. ಹುಡುಗಿ ಅಂಗಳಕ್ಕೆ ಹೋಗಿ ಫೋನಿನಲ್ಲಿ ಮಾತಾಡಿ ಬಂದಳು.

"ಕೊಡಾಕ ಬರೂದಿಲ್ಲಂತ್ರಿ ಸರ. ಆ ಡೇಟಾ ಅವರದಂತ."

"ಯಾರದಲೇ? ಹೊಲ ಯಾರದು? ಬೆವರು ಯಾರದು? ನಮ್ಮಕ್ಕನ ಹೊಲದ ಚಿತ್ರ ನಮ್ಮಕ್ಕನದಲ್ಲಂದ್ರ ಅವರಪ್ಪನದೇನು?" ಓಣಿಗೆಲ್ಲ ಕೇಳುವಂತೆ ಕೂಗಾಡಿಬಿಟ್ಟೆ.

ಹುಡುಗಿಯ ಕಣ್ಣಲ್ಲಿ ನೀರು ಬಂತು. "ನಾ ಏನ್ ಮಾಡ್ಲಿರಿ ಸರ. ನಮ್ಮಪ್ಪನ ಹೊಲಾನೂ ಹಂಗ ಕೆಂಪಾಗೈತ್ರಿ."

ಕೂಗಿದ್ದಕ್ಕೆ ನಾಚಿಕೆಯಾಯಿತು. ಅಷ್ಟರಲ್ಲಿ ಅಕ್ಕ ಒಳಗಿನಿಂದ ಬಂದಳು. ಕೈಯಲ್ಲಿ ಮಡಿಚಿದ ಒದ್ದೆ ಬಟ್ಟೆ ಇತ್ತು.

"ಒದರ್‍ಯಾಡಬ್ಯಾಡ, ಆಕೀದೇನು ತಪ್ಪೈತಿ? ಇಲ್ಲಿ ನೋಡು."

ಬಟ್ಟೆ ಬಿಡಿಸಿದಳು. ಒಳಗೆ ಉಳ್ಳಾಗಡ್ಡಿಯ ಕಪ್ಪು ಬೀಜ. ಬಿತ್ತುವ ಮೊದಲು ಮೊಳಕೆ ಬರುತ್ತದೋ ಇಲ್ಲವೋ ಎಂದು ಹೀಗೆ ಒದ್ದೆ ಬಟ್ಟೆಯಲ್ಲಿ ಕಟ್ಟಿ ನೋಡುತ್ತಾರೆ. ಹತ್ತು ದಿನವಾಗಿತ್ತಂತೆ. ಒಂದೂ ಒಡೆದಿರಲಿಲ್ಲ.

"ಉಳ್ಳಾಗಡ್ಡಿ ಬೀಜ ಒಂದ ವರ್ಷ ತಮ್ಮಾ. ಬಿತ್ತಲಿಲ್ಲಂದ್ರ ಸಾಯ್ತೈತಿ. ಅವತ್ತೇ ಹೇಳೂಣಂದೆ, ಕಲಿತಾಂವಗ ಗೊತ್ತಿರತೈತಿ ಅಂತ ಸುಮ್ಮನಾದೆ."

"ಊರಾಗ ಬ್ಯಾರೆ ಯಾರ ಹತ್ರಾದ್ರೂ ಇರಬೇಕಲ್ಲ?"

"ಎಲ್ಲಾರದೂ ಅಂಗಡಿ ಪಾಕೀಟ. ನಮ್ಮತ್ತಿ ಬೀಜ ನನ್ನ ಹತ್ರ ಅಷ್ಟ ಇತ್ತು."

ಮೂವತ್ತು ವರ್ಷ ಯಾವ ದೇಶದಲ್ಲಿ ಏನು ಬೆಳೆಯುತ್ತದೆ ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೆ. ಬೀಜ ಎಷ್ಟು ದಿನ ಬದುಕುತ್ತದೆ ಎಂದು ಒಂದು ದಿನವೂ ಕೇಳಿರಲಿಲ್ಲ. ಅಕ್ಕ ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಬಟ್ಟೆಯನ್ನು ನನ್ನ ಮುಂದೆ, ಆ ಫಾರ್ಮಿನ ಪಕ್ಕದಲ್ಲಿ ಹಾಸಿಟ್ಟಳು.

"ಫೋಟೋ ಬೇಕಂದ್ರಲ್ಲ? ಇದರದ ತಗಿ. ಯಾವ ಖಾನ್ಯಾಗ ಹಾಕ್ತಾರ ಕೇಳು."